‘ಅಪ್ಪಾ’ ಎಂದ ಹುಡುಗ



‘ಹದಿಹರೆಯದವರ ಐತಿಹಾಸಿಕ ಕಾದಂಬರಿಯಲ್ಲಿ ವರ್ಣದ್ವೇಷ ಮತ್ತು ಸ್ನೇಹ’ ಎಂಬ ಉಪನ್ಯಾಸದ ವಿಷಯ ಹೊತ್ತ ಪತ್ರ ಕೈಗೆ ಬಂದಾಗ, ಇದು ಅಮೆರಿಕದ ಮಾತು, ಹೆಚ್ಚೆಂದರೆ ದಕ್ಷಿಣ ಆಫ್ರಿಕದ ಮಾತು, ಕೃಷ್ಣೆಗೂ ಭೀಮೆಗೂ ನಡುವೆ ಇರುವ ನಮಗೂ ಇದಕ್ಕೂ ಏನು ನಂಟು ಅಂದುಕೊಂಡೆ. ಎರಡು ದಿನ ಪತ್ರ ಮೇಜಿನ ಮೇಲೆಯೇ ಇತ್ತು. ಮೂರನೆಯ ದಿನ ಒಂದು ಹಳೆಯ ಪ್ರಶ್ನೆ ನೆನಪಾಯಿತು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗರನ್ನು ಸುರಪುರದ ಗುಡ್ಡಕ್ಕೆ ಕರೆದುಕೊಂಡು ಹೋಗಿ ಟೇಲರ್ ಮಂಜಿಲ್ ಎಂಬ ಬಂಗಲೆ ತೋರಿಸಿದ್ದೆ. ಇಳಿದು ಬರುವಾಗ ಒಬ್ಬ ಹುಡುಗ ಕೇಳಿದ: “ಸರ, ಟೇಲರ್ ಸಾಹೇಬ ಛಲೋ ಮನಷ್ಯಾ ಇದ್ನೇನ್ರಿ?” ನಾನು ಕೊಟ್ಟ ಉತ್ತರ ಹೇಳಲು ಈಗ ನಾಚಿಕೆಯಾಗುತ್ತದೆ. “ಅದು ಪರೀಕ್ಷೆಗೆ ಬರೋದಿಲ್ಲ, ನಡಿ” ಅಂದಿದ್ದೆ. ಈ ಉಪನ್ಯಾಸ ಆ ಹುಡುಗನಿಗೆ ಕೊಡಬೇಕಿದ್ದ ಬಾಕಿ.

ಇವತ್ತು ನಿಮ್ಮ ಮುಂದೆ ಇಬ್ಬರು ಟೇಲರ್‌ಗಳನ್ನು ನಿಲ್ಲಿಸುತ್ತೇನೆ. ಇಬ್ಬರ ನಡುವೆ ರಕ್ತಸಂಬಂಧವಿಲ್ಲ, ಕಾಲಸಂಬಂಧವೂ ಇಲ್ಲ. ಒಬ್ಬ ನಮ್ಮೂರಿನ ಟೇಲರ್ ಸಾಹೇಬ, ಫಿಲಿಪ್ ಮೆಡೋಸ್ ಟೇಲರ್. ಇನ್ನೊಬ್ಬರು ಮಿಲ್ಡ್ರೆಡ್ ಟೇಲರ್, 1943ರಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಹುಟ್ಟಿದ ಕಪ್ಪು ಲೇಖಕಿ. ಆಳಿದವನು ಬರೆದ ಪುಸ್ತಕ ಒಂದು, ಆಳಿಸಿಕೊಂಡವರ ಮನೆಯಲ್ಲಿ ಅಪ್ಪ ಮಗಳಿಗೆ ಹೇಳಿದ ಕಥೆಗಳಿಂದ ಎದ್ದ ಪುಸ್ತಕ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ನನಗೆ ಕಂಡದ್ದು ಬಣ್ಣಕ್ಕಿಂತ ಹೆಚ್ಚಾಗಿ ಒಂದು ವ್ಯಾಕರಣದ ಸಂಗತಿ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದು.

ಮೊದಲು ನಮ್ಮ ಸಾಹೇಬ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ವರ್ಷದ ಹುಡುಗನಾಗಿ ಮುಂಬಯಿಯ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆಂದು ಹಡಗು ಹತ್ತಿದ. ಆ ವ್ಯಾಪಾರ ನೆಟ್ಟಗಿರಲಿಲ್ಲ. ಅಲ್ಲಿಂದ ಹೈದರಾಬಾದ್ ನಿಜಾಮರ ಚಾಕರಿಗೆ ಸೇರಿದ. ಇದನ್ನು ಗಮನಿಸಬೇಕು: ಅವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಲ್ಲ, ನಿಜಾಮರ ಸ್ಥಳೀಯ ನೌಕರ. ಕಂಪನಿಯ ಪಕ್ಕಾ ಅಧಿಕಾರಿಗಳ ಪಂಕ್ತಿಯಲ್ಲಿ ಅವನದು ಒಂದು ಮೆಟ್ಟಿಲು ಕೆಳಗಿನ ಎಲೆ. ಮದುವೆಯಾದದ್ದು ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಪಾಮರ್‌ನ ತಂದೆ ಬ್ರಿಟಿಷ್ ಜನರಲ್, ತಾಯಿ ಫೈಜ್ ಬಖ್ಷ್ ಎಂಬ ಬೇಗಂ. ಅಂದರೆ ಟೇಲರನ ಹೆಂಡತಿಯಲ್ಲಿ, ಹೆಣ್ಣುಮಕ್ಕಳಲ್ಲಿ ಹರಿದದ್ದು ಎರಡು ದೇಶದ ರಕ್ತ. ಇಷ್ಟು ಹೇಳಿದರೆ ಬಣ್ಣದ ಗರ್ವ ಇರಲಾರದ ಮನುಷ್ಯ ಅನ್ನಿಸುತ್ತದೆ. ಆದರೆ 1839ರಲ್ಲಿ ಅವನಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’. ಈ ನೆಲದ ಜನರಲ್ಲಿ ಕೊರಳಿಗೆ ರುಮಾಲು ಬಿಗಿಯುವುದೇ ಧರ್ಮವಾದ ಗುಂಪುಗಳಿವೆ ಎಂದು ಮನೆಮನೆಗೂ ನಂಬಿಸಿದ ಪುಸ್ತಕ ಅದು. ಎರಡು ವರ್ಷದ ನಂತರ, 1841ರಲ್ಲಿ, ಅದೇ ಕೈ ಸುರಪುರದ ಏಳು ವರ್ಷದ ದೊರೆಯ ಕೈ ಹಿಡಿಯಿತು.

ಆ ಹುಡುಗ ರಾಜಾ ವೆಂಕಟಪ್ಪ ನಾಯಕ. ಇಲ್ಲಿ ನಾವು ‘ನಾಯಕರು’ ಎಂದು ಬಹುವಚನದಲ್ಲೇ ಹೇಳುತ್ತೇವೆ, ಟೇಲರನನ್ನು ‘ಬಂದ, ಹೋದ’ ಅನ್ನುತ್ತೇವೆ. ಇವತ್ತು ನಾನು ಹುಡುಗನಾಗಿದ್ದಾಗಿನ ನಾಯಕರನ್ನು ಏಕವಚನದಲ್ಲಿ ಕರೆಯುತ್ತೇನೆ, ಅರಮನೆಯವರು ಮನ್ನಿಸಬೇಕು. ಕಾದಂಬರಿಯ ಹುಡುಗನಿಗೆ ಬಹುವಚನ ಹಾಕಿದರೆ ಅವನು ಗಾಳಿಪಟ ಹಾರಿಸಲಾರ.

ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕರು, ನಡುವೆ ನಿಜಾಮರ ಬಾಕಿ ಕಪ್ಪ. ವಾಗಣಗೇರಿ ಕೋಟೆಯಲ್ಲಿ 1705ರಲ್ಲಿ ಔರಂಗಜೇಬನಂಥವನನ್ನೇ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ಬೇಡರ ಸಂಸ್ಥಾನ ಸಾಲದ ಲೆಕ್ಕಕ್ಕೆ ಸಿಕ್ಕಿಕೊಂಡಿತ್ತು. ಆಡಳಿತ ನೋಡಿಕೊಳ್ಳಲು ಟೇಲರ್ ಬಂದ, ಲೆಕ್ಕ ಸರಿ ಮಾಡಿದ, ರಸ್ತೆ ಮಾಡಿಸಿದ, ಬೋನಾಳದ ಕೆರೆಗೆ ಕೈ ಹಾಕಿದ. ಇವತ್ತು ಬೋನಾಳಕ್ಕೆ ಹಕ್ಕಿ ನೋಡಲು ಹೋಗುವವರು ಅವನಿಗೂ ಒಂದು ನಮಸ್ಕಾರ ಹಾಕಬೇಕಾಗುತ್ತದೆ. ಸುರಪುರದ ವರ್ಷಗಳಲ್ಲೇ ಅವನ ಹೆಂಡತಿ ತೀರಿಕೊಂಡಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. ಗುಡ್ಡದ ಮೇಲೆ ಒಬ್ಬಂಟಿ ಸಾಹೇಬ, ಕೆಳಗೆ ಅರಮನೆಯಲ್ಲಿ ಅಪ್ಪನಿಲ್ಲದ ಹುಡುಗ. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆದ. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಶಬ್ದವನ್ನು ಅನುವಾದಿಸದೆ, ಇಂಗ್ಲಿಷ್ ವಾಕ್ಯಗಳ ನಡುವೆ ಹಾಗೆಯೇ ಇಟ್ಟಿದ್ದಾನೆ. ಅವನು ಸತ್ತ ಮರುವರ್ಷ, 1877ರಲ್ಲಿ, ಮಗಳು ಸಂಪಾದಿಸಿ ಅಚ್ಚು ಹಾಕಿಸಿದ ಪುಸ್ತಕ ಅದು. ಮಿಕ್ಕೆಲ್ಲವನ್ನೂ ತನ್ನ ಭಾಷೆಗೆ ತಿರುಗಿಸಿಕೊಂಡವನು ಇದೊಂದನ್ನು ಮುಟ್ಟಲಿಲ್ಲ. ಪ್ರೀತಿ ನಿಜವಾಗಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೆ ‘ಅಪ್ಪಾ’ ಅಂದರೇನು? ನಮ್ಮ ಕಡೆ ಹೆತ್ತವನೂ ಅಪ್ಪ, ಮಠದ ಸ್ವಾಮಿಗಳೂ ಅಪ್ಪಾರು, ಏಟು ಬಿದ್ದರೆ ಬಾಯಿಗೆ ಬರುವುದೂ ‘ಯಪ್ಪಾ’. ಪ್ರೀತಿಗೂ ಅದೇ ಶಬ್ದ, ಶರಣಾಗತಿಗೂ ಅದೇ ಶಬ್ದ. ಗೆಳೆಯನಿಗೆ ನಾವು ಅಪ್ಪಾ ಅನ್ನುವುದಿಲ್ಲ. ದೋಸ್ತ ಅನ್ನುತ್ತೇವೆ, ‘ಲೇ’ ಅನ್ನುತ್ತೇವೆ, ಬೈಯುತ್ತೇವೆ. ಬೈಯಲು ಬಾರದ ಜಾಗದಲ್ಲಿ ಗೆಳೆತನ ಎಷ್ಟು ದಿನ ನಿಂತೀತು? ಹುಡುಗ ದೊಡ್ಡವನಾದ ಹಾಗೆ ಆ ಶಬ್ದ ಅವನಿಗೆ ಚಿಕ್ಕ ಅಂಗಿಯಂತೆ ಬಿಗಿಯತೊಡಗಿರಬೇಕು ಎಂದು ನನ್ನ ಊಹೆ. 1853ರಲ್ಲಿ ರಾಜ್ಯ ಅವನ ಕೈಗೆ ಬಂದಿತು, ಟೇಲರ್ ನಳದುರ್ಗಕ್ಕೆ ಹೋದ. ಆಮೇಲಿನ ನಾಲ್ಕು ವರ್ಷಗಳನ್ನು ಟೇಲರ್ ವಿವರಿಸುವುದು ಕೆಟ್ಟ ಸಹವಾಸಕ್ಕೆ ಬಿದ್ದ ಮಗನ ಕಥೆಯಾಗಿ. ದೊರೆ ಏನು ಮಾಡಿದರೂ ಅವನಿಗೆ ಅದು ಪುಂಡತನ. ಒಬ್ಬ ಅರಸನಿಗೆ ತನ್ನದೇ ರಾಜಕಾರಣ ಇರಬಹುದು ಎಂಬ ಅನುಮಾನ ಅವನ ಪುಟಗಳಲ್ಲಿ ಸುಳಿಯುವುದು ಅಪರೂಪ. ನನ್ನ ಪ್ರಕಾರ ಬಣ್ಣದ ಪೂರ್ವಗ್ರಹ ಅಡಗಿರುವುದು ಅಲ್ಲಿ: ಎದುರಿನವರನ್ನು ಎಂದಿಗೂ ದೊಡ್ಡವರಾಗಲು ಬಿಡದ ವಾತ್ಸಲ್ಯದಲ್ಲಿ. ಬೈಗುಳದ ದ್ವೇಷವನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಇದನ್ನು ಗುರುತಿಸಲು ಒಂದು ಒಳ್ಳೆಯ ಕಾದಂಬರಿ ಬೇಕು.

ರಾಣಿ ಈಶ್ವರಮ್ಮನ ವಿಷಯದಲ್ಲಂತೂ ಟೇಲರನ ಲೇಖನಿಗೆ ಕರುಣೆಯೇ ಇಲ್ಲ. ನಡತೆಗೆಟ್ಟವಳು, ಸಂಚುಗಾರ್ತಿ. ಇರಲಿ, ಅರಮನೆಯಲ್ಲಿ ಸಂಚು ಮಾಡದವರು ಯಾರಿದ್ದರು? ಮಗನ ಮೇಲಿನ ಹಕ್ಕು ಪರದೇಶದವನ ಪಾಲಾಗುವುದನ್ನು ಕಂಡ ತಾಯಿಯೊಬ್ಬಳು ಆ ‘ಅಪ್ಪಾ’ ಎಂಬ ಕರೆಯನ್ನು ಹೇಗೆ ಕೇಳಿಸಿಕೊಂಡಿರಬಹುದು? ಈ ಪ್ರಶ್ನೆಗೆ ಆತ್ಮಕಥೆಯಲ್ಲಿ ಜಾಗವಿಲ್ಲ. ಕಾದಂಬರಿಯಲ್ಲಿದೆ.

ನಡುವೆ ಒಂದು ಮಾತು. ಶಹಾಪುರದವರಿಗೆ ವಿಭೂತಿಹಳ್ಳಿಯ ಕಲ್ಲುಸಾಲು ಗೊತ್ತು. ರಾಜನಕೋಳೂರಿನ ಕಲ್ಲುಮನೆಗಳೂ ಗೊತ್ತು, ನಮ್ಮ ಜನ ಮೋರೇರ ಮನೆ ಅನ್ನುತ್ತಾರೆ. ಇವುಗಳನ್ನು ಅಳೆದು, ಚಿತ್ರ ಬರೆದು ಹೊರಲೋಕಕ್ಕೆ ತಿಳಿಸಿದವರಲ್ಲಿ ಟೇಲರ್ ಮೊದಲಿಗ. ಅಂಥ ಕಲ್ಲುಗೋರಿಗಳನ್ನು ಅವನು ಯುರೋಪಿನಲ್ಲೂ ಬಲ್ಲವನಾಗಿದ್ದ. ಹಾಗಾಗಿ ತನ್ನ ಪ್ರಬಂಧದ ತಲೆಬರಹದಲ್ಲೇ ಇವನ್ನು ಕೆಲ್ಟಿಕ್, ಡ್ರುಯಿಡ್, ಸ್ಕಿಥಿಯನ್ ಸ್ಮಾರಕಗಳೆಂದು ಕರೆದ. ನಮ್ಮ ಹೊಲದ ಸತ್ತವರನ್ನು ತನ್ನ ಬಳಗಕ್ಕೆ ಸೇರಿಸಿಕೊಂಡ. ಬದುಕಿದ್ದವರನ್ನು ಸೇರಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ.

ಈಗ ಎರಡನೆಯ ಟೇಲರ್. ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ 1976ರಲ್ಲಿ ಬಂದಿತು, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಸಿಕ್ಕಿತು. ಕಥೆ ನಡೆಯುವುದು 1933ರ ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ. ಹೇಳುವವಳು ಕ್ಯಾಸಿ ಲೋಗನ್ ಎಂಬ ಒಂಬತ್ತು ವರ್ಷದ ಕಪ್ಪು ಹುಡುಗಿ. ಹತ್ತಿ ಎಂದರೇನು, ಸಾಲ ಎಂದರೇನು, ಅಂಗಡಿಯವನ ಖಾತೆ ಎಂದರೇನು ಎಂದು ಶಹಾಪುರದ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಈ ಪುಸ್ತಕ ಕನ್ನಡಕ್ಕೆ ಬಂದರೆ ಅತ್ಯಂತ ಚೆನ್ನಾಗಿ ಅರ್ಥವಾಗುವುದು ಈ ಯಾದಗಿರಿ ಜಿಲ್ಲೆಯಲ್ಲಿ ಅನ್ನುತ್ತೇನೆ.

ಮೊದಲ ಅಧ್ಯಾಯದಲ್ಲೇ ಒಂದು ಪ್ರಸಂಗ. ಕ್ಯಾಸಿಯ ಆರು ವರ್ಷದ ತಮ್ಮ ಶಾಲೆಗೆ ಸೇರುವ ದಿನ. ಬಟ್ಟೆಗೆ ಒಂದು ಚುಕ್ಕಿ ಮಣ್ಣು ತಾಗಿದರೂ ಸಹಿಸದ, ಅಚ್ಚುಕಟ್ಟಿನ ಹುಡುಗ. ಅವನ ಕೈಗೆ ಹರಿದ, ಕೊಳೆಯಾದ ಪುಸ್ತಕ ಕೊಡುತ್ತಾರೆ. ಒಳರಟ್ಟಿನಲ್ಲಿ ಒಂದು ಪಟ್ಟಿ: ಯಾವ ವರ್ಷ, ಪುಸ್ತಕ ಯಾವ ಸ್ಥಿತಿಯಲ್ಲಿತ್ತು, ಓದಿದ ಮಗು ಯಾವ ಜನಾಂಗದ್ದು. ಹೊಸದಾಗಿದ್ದಾಗಿನಿಂದ ವರ್ಷ ವರ್ಷವೂ ಬಿಳಿಯ ಮಕ್ಕಳು. ಪುಸ್ತಕ ತೀರಾ ಹಾಳಾದ ಮೇಲೆ ಕೊನೆಯ ಸಾಲಿನಲ್ಲಿ ಕಪ್ಪು ಮಗು. ಹುಡುಗ ಅದನ್ನು ಓದಬಲ್ಲ. ಪುಸ್ತಕ ನೆಲಕ್ಕೆಸೆದು ಅದರ ಮೇಲೆ ಕುಣಿಯುತ್ತಾನೆ, ಶಿಕ್ಷಕಿಯಿಂದ ಪೆಟ್ಟು ತಿನ್ನುತ್ತಾನೆ. ಪೆಟ್ಟು ಕೊಟ್ಟವಳೂ ಕಪ್ಪು ಹೆಂಗಸೇ. ಜನಾಂಗದ್ವೇಷದ ಮೇಲೆ ಬರೆದ ದಪ್ಪ ಗ್ರಂಥಗಳಿಗಿಂತ ಈ ಒಂದು ರಟ್ಟಿನ ಪಟ್ಟಿ ಹೆಚ್ಚು ಹೇಳುತ್ತದೆ.

ಮತ್ತೆ ಕರೆಯುವ ಮಾತಿಗೆ ಬರುತ್ತೇನೆ. ಪೇಟೆಯಲ್ಲಿ ಕ್ಯಾಸಿ ಅರಿವಿಲ್ಲದೆ ಬಿಳಿಯ ಹುಡುಗಿ ಲಿಲಿಯನ್ ಜೀನ್‌ಗೆ ತಾಗಿಬಿಡುತ್ತಾಳೆ. ತಪ್ಪಾಯಿತು ಎಂದರೆ ಸಾಲದು, ತನಗಿಂತ ಸ್ವಲ್ಪವೇ ದೊಡ್ಡವಳಾದ ಅವಳನ್ನು ‘ಮಿಸ್’ ಎಂದು ಕರೆಯಬೇಕು. ಸ್ವಂತ ಅಜ್ಜಿಯೇ ಬಲವಂತದಿಂದ ಕರೆಸುತ್ತಾಳೆ. ಅದೇ ಊರಿನಲ್ಲಿ ಜೇಮಿಸನ್ ಎಂಬ ಬಿಳಿಯ ವಕೀಲನಿದ್ದಾನೆ. ಅವನು ಕ್ಯಾಸಿಗೆ ಇಷ್ಟ, ಏಕೆಂದರೆ ಅವಳ ಅಮ್ಮನನ್ನೂ ಅಜ್ಜಿಯನ್ನೂ ‘ಮಿಸೆಸ್’ ಎಂದು ಕರೆಯುವ ಬಿಳಿಯನನ್ನು ಅವಳು ಕಂಡದ್ದು ಅವನೊಬ್ಬನನ್ನೇ. ಮಗು ಮನುಷ್ಯರನ್ನು ತೂಗುವುದು ಅಷ್ಟರಿಂದಲೇ.

ನಮ್ಮ ಹಳ್ಳಿಗಳಲ್ಲಿ ಇದು ಯಾರಿಗೆ ತಿಳಿಯದ ವಿದ್ಯೆ? ಗೌಡರ ಮನೆಯ ಐದು ವರ್ಷದ ಕೂಸು ಎಪ್ಪತ್ತು ವರ್ಷದ ಆಳನ್ನು ‘ಏ ಬಾರೋ’ ಅಂದದ್ದನ್ನು, ಆ ಮುದುಕ ಕೂಸಿಗೆ ‘ಬಂದೆರಿ ದಣಿ’ ಅಂದದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ, ನೀವೂ ಕೇಳಿದ್ದೀರಿ. ಇಂಗ್ಲಿಷಿಗೆ ಇದಕ್ಕಾಗಿ ಮಿಸ್, ಮಿಸೆಸ್ ಎಂಬ ಬಾಲಗಳು ಬೇಕು. ನಮಗೆ ಕ್ರಿಯಾಪದದ ತುದಿಯೇ ಸಾಕು. ಆದ್ದರಿಂದ ನಮ್ಮ ಹುಡುಗರಿಗೆ ಟೇಲರನ ಬಣ್ಣದ ಕಥೆ ಹೇಳಹೊರಟ ಲೇಖಕರು ಜಾತಿಯನ್ನು ಬಾಗಿಲಾಚೆ ನಿಲ್ಲಿಸಿ ಬರಲಾಗದು. ಹಾಗೆ ಮಾಡಿದರೆ ಕಾದಂಬರಿ ಬಿಳಿಯರನ್ನು ಬೈದು ನಮ್ಮ ಬೆನ್ನು ತಟ್ಟುವ ಶಾಲಾ ನಾಟಕವಾಗುತ್ತದೆ. ಅಂಥವು ಬೇಕಾದಷ್ಟಿವೆ.

ಗೆಳೆತನದ ವಿಷಯದಲ್ಲಿ ಮಿಲ್ಡ್ರೆಡ್ ಟೇಲರ್ ಇನ್ನೂ ನಿಷ್ಠುರರು. ಲಿಲಿಯನ್ ಜೀನ್‌ಳ ತಮ್ಮ ಜೆರಮಿ ಒಳ್ಳೆಯ ಹುಡುಗ. ಲೋಗನ್ ಮಕ್ಕಳ ಜೊತೆ ನಡೆದದ್ದಕ್ಕೆ ಮನೆಯಲ್ಲಿ ಪೆಟ್ಟು ತಿಂದರೂ ಬಿಡದೆ ಬರುತ್ತಾನೆ. ಕ್ರಿಸ್‌ಮಸ್ ದಿನ ಕ್ಯಾಸಿಯ ಅಣ್ಣ ಸ್ಟೇಸಿಗೆ ತಾನೇ ಮಾಡಿದ ಒಂದು ಕೊಳಲು ತಂದುಕೊಡುತ್ತಾನೆ. ಸ್ಟೇಸಿಯ ಅಪ್ಪ ಮಗನನ್ನು ಕೂರಿಸಿಕೊಂಡು, ಈ ಊರಿನಲ್ಲಿ ಈ ಗೆಳೆತನಕ್ಕೆ ಮುಂದೆ ಏನಾಗಬಹುದೆಂದು ಹೇಳುತ್ತಾನೆ. ಜೆರಮಿ ಕೆಟ್ಟವನೆಂದಲ್ಲ, ಅವನೂ ನಾಳೆ ಬಿಳಿಯ ಗಂಡಸಾಗಿ ಬೆಳೆಯುತ್ತಾನೆ ಎಂದು. ಸ್ಟೇಸಿ ಕೊಳಲನ್ನು ಕಾಗದದಲ್ಲಿ ಸುತ್ತಿ, ತನ್ನ ಪ್ರೀತಿಯ ವಸ್ತುಗಳ ಪೆಟ್ಟಿಗೆಯಲ್ಲಿ ಇಡುತ್ತಾನೆ. ಎಸೆಯುವುದಿಲ್ಲ, ನುಡಿಸುವುದೂ ಇಲ್ಲ. ನಾನು ಇದನ್ನು ಮೊದಲು ಓದಿದಾಗ ಆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಸುರಪುರದ ಕೊನೆ ನೆನಪಾದಾಗ ಸಿಟ್ಟು ಇಳಿಯಿತು.

ಆ ಕೊನೆ ನಿಮಗೆ ಗೊತ್ತು, ಆದರೂ ಹೇಳಲೇಬೇಕು. 1857ರ ದಂಗೆಯ ಬೆನ್ನಲ್ಲೇ, 1858ರ ಫೆಬ್ರುವರಿ 7ರ ರಾತ್ರಿ, ಬೇಡರ ಪಡೆ ಬ್ರಿಟಿಷ್ ಶಿಬಿರದ ಮೇಲೆ ಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದರು, ಅಲ್ಲಿ ಸಿಕ್ಕಿಬಿದ್ದರು, ನಿಜಾಮರ ದಿವಾನ ಸಾಲಾರ್ ಜಂಗ್ ಅವರನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಸಿಕಂದರಾಬಾದಿನ ಸೆರೆಗೆ ಅವರನ್ನು ನೋಡಲು ಬಂದವನು ಟೇಲರ್. ಬರಿ ನೋಡಲು ಬಂದದ್ದಲ್ಲ. ದಂಗೆಗೆ ಯಾರು ಹುರಿದುಂಬಿಸಿದರು, ಯಾರ ಪತ್ರ ಬಂದಿತ್ತು, ಇದನ್ನೆಲ್ಲ ಹುಡುಗನ ಬಾಯಿಂದ ಹೊರಡಿಸಬೇಕು ಎಂಬುದು ರೆಸಿಡೆಂಟನ ಬಯಕೆ. ‘ಅಪ್ಪಾ’ ಎಂಬ ಹನ್ನೆರಡು ವರ್ಷದ ಸಲುಗೆ ಆ ಹೊತ್ತಿಗೆ ಸರ್ಕಾರಕ್ಕೆ ಒಂದು ಉಪಕರಣ. ಇದನ್ನು ಟೇಲರ್ ಮುಚ್ಚಿಟ್ಟಿಲ್ಲ, ತಾನೇ ಬರೆದಿದ್ದಾನೆ, ಅದು ಅವನ ದೊಡ್ಡತನ. ದೊರೆ ಹೆಸರು ಹೇಳಲಿಲ್ಲ. ಜೀವದ ಭಿಕ್ಷೆ ಬೇಡಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದರು. ಅಪ್ಪಾ ಎನ್ನುತ್ತಲೇ ಅಪ್ಪನ ಮಾತು ಮೀರಿದರು. ನನ್ನ ಲೆಕ್ಕದಲ್ಲಿ ಅವರು ದೊಡ್ಡವರಾದದ್ದು ಆ ಗಳಿಗೆಯಲ್ಲಿ. ಅದನ್ನು ಕಣ್ಣಾರೆ ಕಂಡ ಟೇಲರನಿಗೂ ಅದು ತಿಳಿದಿರಬೇಕು, ಇಲ್ಲದಿದ್ದರೆ ಅಷ್ಟು ಎಚ್ಚರದಿಂದ ಬರೆಯುತ್ತಿರಲಿಲ್ಲ.

ದೊರೆಗೆ ವಿಧಿಸಿದ ಮರಣದಂಡನೆ ಮೊದಲು ಕರಿನೀರಿಗಿಳಿಯಿತು, ಆಮೇಲೆ ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಅಲ್ಲಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ದೊರೆ ತೀರಿಕೊಂಡರು. ತಾವೇ ಹಾರಿಸಿಕೊಂಡರು ಎಂದು ದಾಖಲೆ. ಅದು ಕಾವಲಿನವರ ಮಾತಿನಿಂದ ಕಟ್ಟಿದ ದಾಖಲೆ ಎಂಬುದನ್ನು ಕಾದಂಬರಿಕಾರರು ಮರೆಯಬಾರದು. ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲ ಎಂದು ಹುಡುಗನ ಜಾತಕದಲ್ಲಿತ್ತಂತೆ, ಜೋಯಿಸರೊಬ್ಬರು ಟೇಲರನಿಗೆ ಮೊದಲೇ ತೋರಿಸಿದ್ದರಂತೆ. ಸಾಹೇಬ ಅದನ್ನು ಬೆರಗಿನಿಂದ ಬರೆದುಕೊಂಡಿದ್ದಾನೆ. ವಿಧಿಯ ಮೇಲೆ ಹಾಕಿದರೆ ಯಾರಿಗೂ ಭಾರವಿಲ್ಲವಲ್ಲ.

ಈ ಸೆರೆಮನೆಯ ಪ್ರಸಂಗವನ್ನು ಆಮೇಲೆ ಸಾವರ್ಕರ್ 1857ರ ಮೇಲಿನ ತಮ್ಮ ಪುಸ್ತಕದಲ್ಲಿ ಬಳಸಿಕೊಂಡರು. ಅವರಿಗೂ ಮೂಲ ಟೇಲರನೇ. ಸಾಮ್ರಾಜ್ಯದ ನೌಕರ ಬರೆದದ್ದನ್ನೇ ಸಾಮ್ರಾಜ್ಯ ಮುರಿಯಲು ಹೊರಟವರೂ ಉದ್ಧರಿಸಿದರು. ಒಬ್ಬನಿಗೆ ಅದು ಕೈತಪ್ಪಿದ ಮಗನ ಕಥೆ, ಇನ್ನೊಬ್ಬರಿಗೆ ವೀರನ ಕಥೆ. ಹುಡುಗನ ಕಥೆ ಎರಡೂ ಕಡೆ ಹೇಳದೆ ಉಳಿದುಹೋಯಿತು.

ಟೇಲರ್ ಸ್ವತಃ 1872ರಲ್ಲಿ ‘ಸೀತಾ’ ಎಂಬ ಕಾದಂಬರಿ ಬರೆದ. ದಂಗೆಯ ಕಾಲ, ಸಿರಿಲ್ ಬ್ರಾಂಡನ್ ಎಂಬ ಬ್ರಿಟಿಷ್ ಅಧಿಕಾರಿ, ಸೀತಾ ಎಂಬ ಹಿಂದೂ ವಿಧವೆ, ಇಬ್ಬರ ಮದುವೆ. ಆ ಕಾಲದಲ್ಲಿ ಇಷ್ಟು ಬರೆಯಲೂ ಎದೆ ಬೇಕು. ಆದರೆ ಕೊನೆಗೆ ಗಂಡನತ್ತ ಬಂದ ಭರ್ಜಿಗೆ ಸೀತೆ ಎದೆಯೊಡ್ಡಿ ಸಾಯುತ್ತಾಳೆ, ಸಿರಿಲ್ ಒಬ್ಬ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗುತ್ತಾನೆ. ಫೈಜ್ ಬಖ್ಷ್‌ಳ ಮೊಮ್ಮಗಳ ಗಂಡನಿಗೂ ಸೀತೆಯನ್ನು ಇಂಗ್ಲೆಂಡಿನ ಮನೆಯೊಳಗೆ ಬದುಕಿಸಿ ಇಡುವ ದಾರಿ ಕಾಣಲಿಲ್ಲ.

ಹಾಗಾದರೆ ನಮ್ಮ ಹದಿನಾಲ್ಕರ ಓದುಗರಿಗೆ ಸುರಪುರದ ಕಾದಂಬರಿ ಹೇಗಿರಬೇಕು? ತರಾಸು ಅವರ ‘ದುರ್ಗಾಸ್ತಮಾನ’ವನ್ನು ಆ ವಯಸ್ಸಿನಲ್ಲಿ ಓದಿ ರಾತ್ರಿ ನಿದ್ದೆಗೆಟ್ಟವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದೀರಿ. ಅದು ದೊಡ್ಡ ಕೃತಿ, ಆದರೆ ಅಲ್ಲಿ ನಮ್ಮ ಕಣ್ಣು ಸದಾ ಸಿಂಹಾಸನದ ಮೇಲೆ. ನನಗೆ ಬೇಕಾದದ್ದು ಏಳು ವರ್ಷದವನ ಎತ್ತರದಿಂದ ಕಾಣುವ ಸುರಪುರ: ಸಾಹೇಬನ ಬೂಟು, ಕುದುರೆಯ ಹೊಟ್ಟೆ, ಪರದೆಯ ಹಿಂದಿನ ಅವ್ವನ ಬಳೆ ಸಪ್ಪಳ. ಟೇಲರನನ್ನು ರಾಕ್ಷಸ ಮಾಡಿದರೆ ಓದುವ ಹುಡುಗ ನಂಬುವುದಿಲ್ಲ, ಬೋನಾಳದ ಕೆರೆ ಅವನ ಕಣ್ಣೆದುರೇ ಇದೆ. ದೇವರು ಮಾಡಿದರೆ ಅದಕ್ಕಿಂತ ಕೆಡುಕು.

ಇದನ್ನೆಲ್ಲ ಬೇರೆಯವರಿಗೆ ಉಪದೇಶಿಸುವುದು ಸುಲಭ. ಹೇಳಿಬಿಡುತ್ತೇನೆ: ನಿವೃತ್ತನಾದ ಮೇಲೆ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಈ ಕಾದಂಬರಿ ಶುರು ಮಾಡಿದ್ದೇನೆ. ಹನ್ನೊಂದು ಅಧ್ಯಾಯ ತೊಂದರೆಯಿಲ್ಲದೆ ಬಂದವು. ನಿಂತದ್ದು ಸೆರೆಮನೆಯ ಬಾಗಿಲಲ್ಲಿ. ಟೇಲರನ ಪುಸ್ತಕದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ‘ಯೂ’. ಅಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಕನ್ನಡ ಬಿಡುವುದಿಲ್ಲ, ಕೇಳಿಯೇ ಕೇಳುತ್ತದೆ. ಚಿಕ್ಕವನಿದ್ದಾಗ ಹುಡುಗ ‘ಅಪ್ಪಾ, ನೀ ಯಾವಾಗ ಬರ್ತಿ’ ಎಂದೇ ಕೇಳಿರುತ್ತಾನೆ. ನಮ್ಮಲ್ಲಿ ಅಪ್ಪನಿಗೆ ‘ನೀ’ ಅನ್ನುವುದೇ ರೂಢಿ. ಸಾಹೇಬ ಆ ಮಗುವಿಗೆ, ದೊರೆಯೆಂದು, ‘ನೀವು’ ಅಂದಿದ್ದನೋ? ಸೆರೆಯೊಳಗೆ ಎದುರುಬದುರು ಕೂತಾಗ ಬೇಡಿ ತೊಟ್ಟವರ ಬಾಯಲ್ಲಿ ಯಾವುದು ಬರಬೇಕು? ‘ನೀ’ ಎಂದು ಬರೆದೆ, ಮಗನಾದರು, ಹೊಡೆದು ಹಾಕಿದೆ. ‘ನೀವು’ ಎಂದು ಬರೆದೆ, ಕೈದಿಯಾದರು, ಅದನ್ನೂ ಹೊಡೆದು ಹಾಕಿದೆ. ಸದ್ಯಕ್ಕೆ ಆ ಸಾಲಿನಲ್ಲಿ ‘ಅಪ್ಪಾ’ ಎಂಬುದೊಂದೇ ಉಳಿದಿದೆ, ಮುಂದಿನ ಜಾಗ ಖಾಲಿ.